ಕೋಟೆ ಆಟದ ಅವಿರೋಧ ಚಾಂಪಿಯನ್

ಚಿಕ್ಕೋಡಿ ಭಾಗದಲ್ಲಿ ಯಾವ ಸ್ಪರ್ಧೆಯೂ ಸ್ಪರ್ಧೆಯಿಲ್ಲದೆ ಮುಗಿದರೆ ಮಾತ್ರ ಯಶಸ್ವಿ ಎನಿಸಿಕೊಳ್ಳುತ್ತದೆ. ಹಾಲಿನ ಸಂಘವಿರಲಿ, ಪತ್ತಿನ ಸಂಘವಿರಲಿ, ಹಿರಿಯರು ಕೂತು, ಚಹಾ ಕುಡಿದು, ಒಬ್ಬರನ್ನು ಅವಿರೋಧವಾಗಿ ಆರಿಸುತ್ತಾರೆ. ಮತಪೆಟ್ಟಿಗೆಗಳಿಗೆ ಇನ್ನೂ ಹೊಸ ಬಣ್ಣದ ವಾಸನೆ ಇದೆ. 2014ರಲ್ಲಿ ಈ ಪದ್ಧತಿಯನ್ನು ಕಾರ್ಡಿನ ಆಟಕ್ಕೂ ವಿಸ್ತರಿಸಲಾಯಿತು.

ಆಟದ ಹೆಸರು ಕೋಟೆ. ಆನೆ, ತೋಪು, ಸುರಂಗ, ಬೇಹುಗಾರ ಹೀಗೆ ಚಿತ್ರವಿರುವ ಎಲೆಗಳು ಕೊಲ್ಹಾಪುರದ ಅಂಗಡಿಗಳಲ್ಲಿ ಮುಚ್ಚಿದ ಪಾಕೀಟಿನಲ್ಲಿ ಸಿಗುತ್ತವೆ. ಒಡೆದು ನೋಡುವವರೆಗೆ ಒಳಗೇನಿದೆ ಗೊತ್ತಾಗುವುದಿಲ್ಲ. ಬೇಡವಾದದ್ದನ್ನು ಮಂದಿಯೊಡನೆ ಬದಲಿಸಿಕೊಂಡು ತನ್ನದೇ ಒಂದು ಕಟ್ಟು ಮಾಡಿಕೊಂಡು, ಎದುರಿಗೆ ಕೂತವರ ಕೋಟೆ ಕೆಡವಬೇಕು. ಬಾಗಿಲಿಗೆ ಬಂದ ಆನೆ ತೋಪಿಗೆ ಸಿಕ್ಕರೆ ಅದನ್ನು ಕಳಿಸಿದವರ ಕೋಟೆಯೂ ಬೀಳುತ್ತದೆ, ಆದರೆ ಆನೆ ದೂರವಿರುವಾಗ ಹೊಡೆದ ತೋಪನ್ನು ಸುರಂಗದ ಎಲೆ ಬಿಟ್ಟು ತಪ್ಪಿಸಿಕೊಳ್ಳಬಹುದು.

ಏಕಸಂಬಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟ ನಿತಿನ ಕಾಲೇಜಿನ ದಿನಗಳಿಂದ ಈ ಆಟ ಆಡುತ್ತಿದ್ದ. ರಾಯಬಾಗದ ಹೈಸ್ಕೂಲ್ ಶಿಕ್ಷಕಿ ಕಾಂಚನ ಅಷ್ಟೇ ಕಾಲದಿಂದ ಅವನನ್ನು ಸೋಲಿಸುತ್ತಿದ್ದಳು. ಪ್ರತಿ ದೀಪಾವಳಿಯ ಫೈನಲ್‌ನಲ್ಲಿ ಅವಳ ಆನೆ ಬಂದು ಅವನ ಬಾಗಿಲು ಮುರಿಯುತ್ತಿತ್ತು. ಈ ಸಲ ನಿತಿನ ಹಳೆಯ ಎಲೆಗಳನ್ನೆಲ್ಲ ಕೊಟ್ಟು ಒಂದೇ ಒಂದು ತೋಪು ಪಡೆದಿದ್ದ. ಕಾಂಚನಳ ಕೋಟೆ ಒಮ್ಮೆಯಾದರೂ ಬೀಳಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

"ಈ ಸಲ ನಿಮ್ಮ ಆನಿ ಮನಿಗೆ ಹೋಗೂದಿಲ್ರಿ ಬಾಯಾರ," ಅಂದ.

"ಹೋದ ವರ್ಷನೂ ಹಿಂಗ ಅಂದಿದ್ದಿ. ಬಾಗಲಾ ರಿಪೇರಿ ಆತೇನು?" ಅಂದಳು ಕಾಂಚನ.

ನಿತಿನನ ಅಂಗಡಿಯಲ್ಲಿ ಇಬ್ಬರೂ ಎಲೆ ಹರಡಿ ಕೂತಿದ್ದಾಗ ಹವಾಲ್ದಾರರೊಬ್ಬರು ಬಂದರು.

"ಎಲಿ ಆಡಾಕತ್ತೀರಿ. ರೊಕ್ಕ ಎಲ್ಲೈತಿ?"

"ರೊಕ್ಕ ಇಟ್ಟು ಆಡೂದಿಲ್ರಿ," ಅಂದ ನಿತಿನ.

"ರೊಕ್ಕ ಇಲ್ದ ಯಾಕ ಆಡ್ತೀರಿ ಮತ್ತ?"

ಸಂಘ ಮಾಡಿಕೊಂಡರೆ ಸಂಶಯ ಬರುವುದಿಲ್ಲ ಎಂದು ಹವಾಲ್ದಾರರು ತಿಳಿಹೇಳಿದರು. ಸಂಘಕ್ಕೆ ಅಧ್ಯಕ್ಷರು ಬೇಕು. ಊರಿನ ಮುಖಂಡರಾದ ಭಾವುಸಾಹೇಬರು ಆಗಲೇ ಹನ್ನೊಂದು ಸಂಘಗಳ ಅಧ್ಯಕ್ಷರಾಗಿದ್ದರು. ಇನ್ನೊಂದನ್ನು ಬೇಡ ಎನ್ನಲು ಅವರಿಗೆ ಕಾರಣ ಹೊಳೆಯಲಿಲ್ಲ.

ಚಾಂಪಿಯನ್ ಆದವರನ್ನು ಸಂಘದ ಖರ್ಚಿನಲ್ಲಿ ಸಿಂಗಾಪುರಕ್ಕೆ ಅಧ್ಯಯನ ಪ್ರವಾಸಕ್ಕೆ ಕಳಿಸಬೇಕೆಂದು ಮೊದಲ ಸಭೆ ತೀರ್ಮಾನಿಸಿತು. ಮರುದಿನ ಪ್ರಕಟಣೆ ಹೊರಬಿತ್ತು:

"ತಾಲೂಕಿನ ಸೌಹಾರ್ದಕ್ಕೆ ಧಕ್ಕೆ ಬಾರದಂತೆ ಫೈನಲ್ ಪಂದ್ಯವನ್ನು ಅವಿರೋಧವಾಗಿ ನಡೆಸಲಾಗುವುದು. ಮಾನ್ಯ ಅಧ್ಯಕ್ಷರನ್ನು ಹೊರತುಪಡಿಸಿ ಉಳಿದ ಆಟಗಾರರು ಬುಧವಾರದೊಳಗೆ ತಮ್ಮ ಆಟವನ್ನು ಹಿಂಪಡೆಯತಕ್ಕದ್ದು. ಆಡಿದವರನ್ನು ಬಂಡಾಯ ಆಟಗಾರರೆಂದು ಪರಿಗಣಿಸಲಾಗುವುದು."

ನಿತಿನ ಭಾವುಸಾಹೇಬರ ಮನೆಗೆ ಹೋದ.

"ಸಾಹೇಬ್ರ, ನೀವು ಒಂದ ದಿನಾನೂ ಎಲಿ ಹಿಡದಿಲ್ರಿ."

"ಹಾಲಿನ ಸಂಘಕ್ಕ ಅಧ್ಯಕ್ಷ ಅದೀನಿ. ಎಂದಾರ ಎಮ್ಮಿ ಹಿಂಡೀನೇನು?"

"ಬಾಯಾರ ಜೋಡಿ ಒಂದ ಆಟ ಆಡಾಕ ಬಿಡ್ರಿ. ಸಿಂಗಾಪುರಕ್ಕ ನೀವ ಹೋಗ್ರಿ."

"ಆಡಿದ್ರ ಒಬ್ರು ಸೋಲ್ತೀರಿ. ಸೋತವರಿಗೆ ಬ್ಯಾಸರ. ಯಾಕ ಬೇಕ ತಮ್ಮಾ? ನಿನ್ನ ಉಪಾಧ್ಯಕ್ಷನ್ನ ಮಾಡ್ತೀವು."

ಅದು ಬೇಡ ಎಂದು ನಿತಿನ ಹೇಳಿದ. ಆದ್ದರಿಂದ ಅವನು ಉಪಾಧ್ಯಕ್ಷನಾಗಿ ಅವಿರೋಧವಾಗಿ ಆಯ್ಕೆಯಾದ. ಆದರೂ ಆಟ ಹಿಂಪಡೆಯಲಿಲ್ಲ. ಬುಧವಾರ ಹೋಗಿ ಶುಕ್ರವಾರ ಬಂತು. ಕೊನೆಗೆ ಸಂಘ ದಾರಿ ಹುಡುಕಿತು. ಅಧ್ಯಕ್ಷರ ಸತ್ಕಾರ ಸಮಾರಂಭದಲ್ಲಿ, ಭಜನೆ ಮತ್ತು ಮಕ್ಕಳ ಕುಣಿತದ ನಡುವೆ, ಸಾಂಸ್ಕೃತಿಕ ಕಾರ್ಯಕ್ರಮವಾಗಿ ಇಬ್ಬರೂ ಆಡಬಹುದು. ಫಲಿತಾಂಶ ಮಾತ್ರ ಇರತಕ್ಕದ್ದಲ್ಲ.

"ಫಲಿತಾಂಶ ಇಲ್ಲಂದ್ರ ನಾ ಇಷ್ಟ ವರ್ಷ ಗೆದ್ದದ್ದು?" ಅಂತ ಕಾಂಚನ ಕೇಳಿದಳು.

"ಅದು ಸಂಘ ಆಗೂಕಿಂತ ಮೊದಲಿಂದ್ರಿ. ಲೆಕ್ಕಕ್ಕಿಲ್ಲ," ಅಂದರು ಭಾವುಸಾಹೇಬರು.

ಸಮಾರಂಭದಲ್ಲಿ ಅಧ್ಯಕ್ಷರಿಗೆ ಶಾಲು ಹೊದಿಸಿ, ತಲೆಗೆ ಫೇಟಾ ಕಟ್ಟಿ, ಚಾಂಪಿಯನ್ ಎಂದು ಘೋಷಿಸಲಾಯಿತು. ನಂತರ ವೇದಿಕೆಯ ಮೂಲೆಯಲ್ಲಿ ನಿತಿನ ಮತ್ತು ಕಾಂಚನ ಎದುರುಬದುರು ಕೂತರು. ಅವಳ ಆನೆ ಹೊರಟಿತು. ನಿತಿನ ಸುಮ್ಮನಿದ್ದ. ಆನೆ ಕಂದಕ ದಾಟಿತು. ಸುಮ್ಮನಿದ್ದ. ಅದು ಬಾಗಿಲಿಗೆ ಬಂದಾಗ ತೋಪಿನ ಎಲೆ ಕೆಳಗಿಟ್ಟ. ಮೊದಲು ಆನೆ ಹೋಯಿತು, ಅದರ ಹಿಂದೆ ಕಾಂಚನಳ ಕೋಟೆ.

ಕಾಂಚನ ತೋಪಿನ ಎಲೆಯನ್ನು ಎತ್ತಿ ತಿರುಗಿಸಿ ನೋಡಿದಳು. "ಬಿತ್ತಪಾ. ತೋಪು ಇಷ್ಟೊತ್ತನಕ ಎಲ್ಲಿ ಇಟ್ಟಿದ್ದಿ?"

"ಕೈಯಾಗ ಇತ್ರಿ. ದೂರ ಇದ್ದಾಗ ಹೊಡದಿದ್ರ ನೀವು ಸುರಂಗ ಬಿಡ್ತಿದ್ರಿ."

ಸಭೆ ಚಪ್ಪಾಳೆ ಹೊಡೆಯಿತು. ಹೊಡೆಯಿರಿ ಎಂದು ಮೈಕಿನಲ್ಲಿ ಯಾರೂ ಹೇಳಿರಲಿಲ್ಲ. ಇದರಿಂದ ತೊಡಕು ಉಂಟಾಯಿತು. ಚಪ್ಪಾಳೆ ಬಿದ್ದರೆ ಫಲಿತಾಂಶ ಇದ್ದಂತೆ, ಫಲಿತಾಂಶ ಇದ್ದರೆ ಗೆದ್ದವರು ಬೇಕು. ಗೆದ್ದವರ ಆಯ್ಕೆಯೋ ಆಗಲೇ ಮುಗಿದಿತ್ತು. ಪರದೆಯ ಹಿಂದೆ ತುರ್ತು ಸಭೆ ಕೂತು ಠರಾವು ಮಾಡಿತು:

"ಅಧ್ಯಕ್ಷರ ಅವಧಿಯಲ್ಲಿ, ಅಧ್ಯಕ್ಷರ ವೇದಿಕೆಯ ಮೇಲೆ ಬಿದ್ದ ಕೋಟೆಯನ್ನು ಅಧ್ಯಕ್ಷರೇ ಕೆಡವಿದ್ದಾರೆಂದು ಭಾವಿಸತಕ್ಕದ್ದು."

ಠರಾವಿಗೆ ಅನುಮೋದಕರು ಬೇಕಾಗಿತ್ತು. ನಿಯಮದ ಪ್ರಕಾರ ಅದು ಉಪಾಧ್ಯಕ್ಷರ ಕೆಲಸ. ನಿತಿನ ಎಲೆಗಳನ್ನು ಎಡಗೈಗೆ ತೆಗೆದುಕೊಂಡು ಬಲಗೈ ಎತ್ತಿದ.

ಕಾಂಚನ ಭಾವುಸಾಹೇಬರ ಮುಂದೆ ಹೋಗಿ ಕೈಮುಗಿದಳು.

"ಆನಿ ಬಾಗಲಕ್ಕ ಬರೂತನ ತೋಪು ತಡಕೊಂಡ್ರಿ ಸಾಹೇಬ್ರ. ಛಲೋ ಆಡಿದ್ರಿ."

ಭಾವುಸಾಹೇಬರು ಫೇಟಾ ಸರಿಮಾಡಿಕೊಂಡರು.

"ತಡಕೋಬೇಕಾಗ್ತೈತ್ರಿ ಬಾಯಾರ. ಅವಸರ ಮಾಡಿದ್ರ ನೀವು ಸುರಂಗ ಬಿಡ್ತಿದ್ರಿ."

ಹೌದು, ಬಿಡುತ್ತಿದ್ದಳು ಎಂದು ನಿತಿನನೂ ತಲೆಯಾಡಿಸಿದ.