ಎಡಗೈ ಪಿಚರ್‌ಗೆ ಮಗಳನ್ನು ಕೊಡುವುದೇ?

ಮಗಳು ಬೇಸ್‌ಬಾಲ್ ಆಟಗಾರನನ್ನು ಮದುವೆಯಾಗುತ್ತೇನೆಂದು ಹೇಳಿದ ದಿನದಿಂದ, ನಗಬಾರದೆಂದು ಬಿಗಿದುಕೊಂಡು ಕೂತ ನನ್ನೆದುರಿಗೇ ನಗುವಂಥ ಸಂಗತಿಗಳು ಒಂದರ ಹಿಂದೊಂದು ನಡೆಯುತ್ತಿವೆ. ಒಪ್ಪಿಗೆ ಕೊಡಬೇಕಾದವನು ನಾನು, ವಿಚಾರಿಸದೆ ಕೊಡುವವನಲ್ಲ.

ಕೆಲಸದ ವೇಳೆ

ಹುಡುಗ ಶಿಕಾಗೋ ಕಡೆಯವನು, ಕನ್ನಡದವರ ಮಗನೇ. ನೋವೈ ಊರಿನಲ್ಲಿರುವ ನಮ್ಮ ಮನೆಗೆ ಬಂದ. ಕೆಲಸವೇನೆಂದು ಕೇಳಿದೆ.

"ಪ್ರೊಫೆಷನಲ್ ಪಿಚರ್, ಅಂಕಲ್. ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯೋದು. ಎಡಗೈ."

"ದಿನಾ ಎಸೀತೀಯಾ?"

"ಇಲ್ಲ ಅಂಕಲ್, ಐದು ದಿನಕ್ಕೊಂದ್ಸಲ."

"ಉಳಿದ ದಿನ?"

"ಕೈಗೆ ರೆಸ್ಟ್."

ನಾನು ಕಾರು ಕಂಪನಿಯಲ್ಲಿ ದುಡಿಯುವವನು. ನಮ್ಮಲ್ಲಿ ನಾಲ್ಕು ದಿನ ಕೈಗೆ ರೆಸ್ಟ್ ಕೊಟ್ಟವನಿಗೆ ಐದನೆಯ ದಿನ ಕಂಪನಿಯೇ ಪೂರ್ತಿ ರೆಸ್ಟ್ ಕೊಡುತ್ತದೆ.

ಕಳ್ಳನೋಟ

ಅವನ ಆಟವನ್ನು ಕಣ್ಣಾರೆ ಕಂಡೇ ತೀರ್ಮಾನಿಸೋಣವೆಂದು ಹೆಂಡತಿಯೊಂದಿಗೆ ಶಿಕಾಗೋಗೆ ಡ್ರೈವ್ ಮಾಡಿದೆ. ಹುಡುಗ ಬ್ಯಾಟ್ ಹಿಡಿದವನನ್ನೇ ದಿಟ್ಟಿಸಿದ, ಕಾಲೆತ್ತಿದ, ಇನ್ನೇನು ಅತ್ತ ಎಸೆದ ಅನ್ನುವಷ್ಟರಲ್ಲಿ ಚೆಂಡು ಪಕ್ಕಕ್ಕೆ, ಎದುರು ತಂಡದ ಓಟಗಾರ ನಿಂತಿದ್ದ ಫಸ್ಟ್ ಬೇಸಿಗೆ ಹೋಯಿತು. ಅಲ್ಲಿಂದ ಓಡಲು ಹೊರಟಿದ್ದವನು ಔಟ್.

"ನೋಡಿದೆಯಾ? ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ! ಇಂಥವನನ್ನ ನಂಬೋದು ಹೇಗೆ?" ಎಂದೆ.

ಹೆಂಡತಿ ಪಾಪ್‌ಕಾರ್ನ್ ತಿನ್ನುತ್ತಲೇ ಹೇಳಿದಳು: "ಆ ಓಡೋನು ಚೆಂಡು ಹೊಡೆಯೋ ಮುಂಚೇನೇ ಓಡಿ ಮುಂದಿನ ಬೇಸ್ ಕದಿಯೋಕೆ ಹೊರಟಿದ್ದ ಕಣ್ರೀ, ಇವನು ಹಿಡಿದ. ನೀವು ಯಾವತ್ತಿಂದ ಕಳ್ಳರ ಪಾರ್ಟಿ?"

ಅಕ್ಷತೆ

ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ನಮ್ಮ ಬಂಧುಗಳ ಮದುವೆ. ಹುಡುಗನೂ ಬಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತ, ಅವನಾಚೆ ಮಗಳು. ಗಟ್ಟಿಮೇಳ ಮೊಳಗಿತು. ಅಕ್ಷತೆ ತುಂಬಿದ ಅವನ ಎಡಗೈ ಮೇಲೆದ್ದಿತು.

"ಬಲಗೈ!" ಎಂದು ಗದರಿದೆ.

ಕೈ ಬದಲಾಯಿಸಿ ಎಸೆದ. ಅಷ್ಟೂ ಅಕ್ಕಿ ಮುಂದೆ ಕೂತಿದ್ದ ಹಿರಿಯರೊಬ್ಬರ ಕಾಲರ್‌ನೊಳಗೆ ಇಳಿಯಿತು. ಅವರು ಬೆನ್ನು ಕೊಡವುತ್ತ ತಿರುಗಿ ನನ್ನನ್ನೇ ದುರುಗುಟ್ಟಿದರು. "ಏನ್ರೀ, ಮದುವೆ ಅಲ್ಲಿ ನಡೀತಿರೋದು!"

ಹುಡುಗ ಬಾಯಿ ಬಿಡುವುದಿಲ್ಲ ಎಂದುಕೊಂಡೆ. ಎದ್ದು ನಿಂತ. "ಸಾರಿ ಅಂಕಲ್, ಅವರಲ್ಲ, ನಾನು. ಬಲಗೈಯಲ್ಲಿ ನಂಗೆ ಕಂಟ್ರೋಲೇ ಇಲ್ಲ."

ತಪ್ಪನ್ನು ನನ್ನ ತಲೆಗೆ ಕಟ್ಟಿ ಆರಾಮಾಗಿ ಕೂರಬಹುದಿತ್ತು; ಕೂರಲಿಲ್ಲ. ನಾನು ಇಷ್ಟು ದಿನ ಹುಡುಕುತ್ತಿದ್ದ ಮೋಸ ಅವನಲ್ಲಿ ಇರಲಿಲ್ಲ.

"ನನ್ನ ಒಪ್ಪಿಗೆ ಇದೆಯಪ್ಪ," ಎಂದೆ. "ನಿನ್ನ ಮದುವೇಲಿ ಎಡಗೈಯನ್ನೇ ಬಳಸು. ನಾನು ತಡೆಯೋದಿಲ್ಲ."

ಮಗಳು ಗಾಬರಿಯಾದಳು. "ಅಪ್ಪಾ, ಬೇಡ! ನನ್ನ ತಲೆ ಮೇಲೆ ಜೀರಿಗೆ-ಬೆಲ್ಲ ಹಾಕೋನು ಅವನೇ. ಆ ಎಡಗೈ ಗಂಟೆಗೆ ತೊಂಬತ್ತು ಮೈಲಿ ಸ್ಪೀಡು!"