ಕಾಕಾನ ಗಾಡಿಗೊಂದು ಇಳಿಜಾರು

ನಮ್ಮ ಕಾಕಾನ ಲೆಕ್ಕದಲ್ಲಿ ಲೋಕದ ಜನ ಎರಡೇ ತರ. ಮನೆಯ ಮುಂದೆ ಇಳಿಜಾರು ಇರುವವರು, ಇಲ್ಲದವರು! ಇಳಿಜಾರು ಇದ್ದವರ ಮನೆಗೆ ಕರೆಯದಿದ್ದರೂ ಹೋಗಿ ಚಹಾ ಕುಡಿದು ಬರುತ್ತಾರೆ. ಇಲ್ಲದವರ ಮನೆಯಲ್ಲಿ ಮದುವೆಯೇ ಆದರೂ ಅಕ್ಷತೆಯನ್ನು ಫೋನಿನಲ್ಲಿ ಹಾಕಿ ಮುಗಿಸುತ್ತಾರೆ. ಕಾಗವಾಡದ ಬೀಗರು "ಯಾಕೋ ನಮ್ಮ ಮ್ಯಾಲೆ ಸಿಟ್ಟಾಗ್ಯಾರ" ಎಂದು ವರ್ಷಗಟ್ಟಲೆಯಿಂದ ಕೊರಗುತ್ತಿದ್ದಾರೆ. ಸಿಟ್ಟು ಎಲ್ಲಿಯದು? ಅವರ ಅಂಗಳ ಸಪಾಟಾಗಿದೆ, ಅವರದು ಅದೊಂದೇ ತಪ್ಪು. ಚಿಕ್ಕೋಡಿಯೆಂದರೆ ಮಾತ್ರ ಕಾಕಾನಿಗೆ ಪಂಚಪ್ರಾಣ. ಅಲ್ಲಿ ಬೇಕಾದ ಓಣಿಯಲ್ಲಿ ಗಾಡಿ ನಿಲ್ಲಿಸಿ, ಅದು ತಾನಾಗಿಯೇ ಕೆಳಗೆ ಉರುಳುತ್ತದೆ.

ಇಷ್ಟಕ್ಕೆಲ್ಲ ಕಾರಣ ಅವರ ಮೋಟರ್‌ಸೈಕಲ್ಲಿನ ಬ್ಯಾಟರಿ. ಅದು ಸತ್ತಿದೆ. ಬಟನ್ ಒತ್ತಿದರೆ ಒಳಗೆಲ್ಲೋ "ಟಿಕ್" ಎಂದು ಒಮ್ಮೆ ಅಂದು ಸುಮ್ಮನಾಗುತ್ತದೆ. ಕಿಕ್ ಹೊಡೆಯೋಣವೆಂದರೆ ಅದರ ಹಲ್ಲು ಸವೆದು, ಕಾಲು ನೆಲಕ್ಕೆ ಹೋಗುತ್ತದೆಯೇ ಹೊರತು ಇಂಜಿನ್ನಿಗೆ ಸುದ್ದಿ ಮುಟ್ಟುವುದಿಲ್ಲ. ಉಳಿದದ್ದು ಒಂದೇ ದಾರಿ: ಇಳಿಜಾರಿನಲ್ಲಿ ಉರುಳಿಸು, ಇಲ್ಲವೇ ಯಾರಿಂದಾದರೂ ದೂಡಿಸು, ಎರಡನೇ ಗಿಯರಿನಲ್ಲಿ ಕ್ಲಚ್ ಬಿಡು, ದೇವರನ್ನು ನೆನೆ. ಹಾರ್ನ್ ಇಲ್ಲದ್ದರಿಂದ ಎಮ್ಮೆ ಅಡ್ಡ ಬಂದರೆ ಕಾಕಾ ತಾವೇ "ಹೋಯ್ ಹೋಯ್" ಎಂದು ಕೂಗುತ್ತಾರೆ. ನಮ್ಮೂರು ಅಂಕಲಿಯ ಎಮ್ಮೆಗಳಿಗೆ ಅವರ ದನಿ ಎಷ್ಟು ಪರಿಚಯವೆಂದರೆ, ಕಾಕಾ ನಡೆದು ಹೋಗುವಾಗ ಕೆಮ್ಮಿದರೂ ದಾರಿ ಬಿಡುತ್ತವೆ!

ಹೊಸ ಬ್ಯಾಟರಿ ಹಾಕಿಸಬಾರದೆ ಎಂದು ನೀವು ಕೇಳುತ್ತೀರಿ. ನಾವೂ ಕೇಳಿದ್ದೇವೆ. ಅದಕ್ಕೆ ಆ ಬ್ಯಾಟರಿ ಸತ್ತದ್ದು ಹೇಗೆಂದು ತಿಳಿಯಬೇಕು. ಕಾಕಾನ ಹೆಂಡತಿ, ನಮ್ಮ ಕಾಕುಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋದ ವರ್ಷವದು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಜೈನ ಮುನಿಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲುತ್ತಾರೆ. ನಡೆದರೆ ಹುಳಹುಪ್ಪಡಿ ಕಾಲಡಿ ಸಿಕ್ಕು ಸಾಯುತ್ತವೆಂದು ಆ ಚಾತುರ್ಮಾಸ. ಬರಿಗಾಲಿಗೇ ಅಷ್ಟು ಪಾಪವೆಂದರೆ ಗಾಲಿಗೆ ಎಷ್ಟು? ಕಾಕಾ ಯೋಚಿಸಿದರು. ಕಾಕು ಎದ್ದು ಕೂಡಲಿ ಎಂದು ನೇಮ ಹಿಡಿದು ಗಾಡಿಗೂ ಚಾತುರ್ಮಾಸ ಕೊಟ್ಟುಬಿಟ್ಟರು! ಮಳೆ ತಾಗದಂತೆ ತಾಡಪತ್ರಿ ಹೊದಿಸಿ, ಹಣೆಗೆ ಗಂಧ ಹಚ್ಚಿ, ಮೂಲೆಗೆ ನಿಲ್ಲಿಸಿದರು. ಚಿಕ್ಕೋಡಿ ಮೆಕ್ಯಾನಿಕ್ಕನು "ವಾರಕ್ಕೊಮ್ಮೆರ ಚಾಲೂ ಮಾಡ್ರಿ, ಬ್ಯಾಟರಿ ಇಳೀತೈತಿ" ಎಂದು ಹೇಳಿ ಕಳಿಸಿದ. "ಮುನಿಗೋಳು ವಾರಕ್ಕೊಮ್ಮೆ ಅಡ್ಡ್ಯಾಡಿ ಬರ್ತಾರೇನೋ?" ಎಂದು ಕಾಕಾ ತಿರುಗಿ ಹೇಳಿ ಕಳಿಸಿದರು.

ಮಳೆಗಾಲ ಮುಗಿಯಿತು. ಕಾಕು ಗೋಡೆಗೆ ಒರಗಿ ಎದ್ದು ಕೂತರು. ಬ್ಯಾಟರಿ ಮಲಗಿತು.

"ಅಕಿ ಕುಂದರಾಕ ಇದು ಮಲಗೇತಿ. ಇಂಥಾದ್ದನ್ನ ಗುಜರಿಗೆ ಹಾಕು ಅಂತೀಯಲ್ಲ, ಮನಶ್ಯಾ ಏನೋ ನೀ?" ಎಂದು ಕಾಕಾ ನನ್ನನ್ನೇ ಬೈದರು. ಅಂದಿನಿಂದ ಬ್ಯಾಟರಿಗೆ ಶುಶ್ರೂಷೆ ನಡೆದಿದೆ. ರವಿವಾರಕ್ಕೊಮ್ಮೆ ಬಿಚ್ಚಿ ತಂದು ಕಾಕುವಿನ ಮಂಚದ ಪಕ್ಕ ಇಡುತ್ತಾರೆ, ನೀರು ಹಾಕುತ್ತಾರೆ, ಬಾಯಿ ಒರೆಸುತ್ತಾರೆ, ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು ಎಳೆದು ಸಲೈನ್ ಹಚ್ಚಿದಂತೆ ಹಚ್ಚುತ್ತಾರೆ. ಒಮ್ಮೆ ಪ್ಲಸ್ಸಿಗೆ ಮೈನಸ್ಸು ಕೊಟ್ಟು ಮನೆ ತುಂಬ ಹೊಗೆಯಾಯಿತು. ಆಗಲೂ "ಜೀಂವ ಐತಿ ನೋಡು, ಸತ್ತಿದ್ರ ಹೊಗಿ ಬರ್ತಿತ್ತೇನು?" ಎಂದೇ ಅಂದರು. ಯಾರು ಕೇಳಿದರೂ ಒಂದೇ ಮಾತು: "ನಿನ್ನಿಗಿಂತ ಇವತ್ತ ಚಲೋ ಐತಿ." ಕಾಕು ಹೇಗಿದ್ದಾರೆ ಎಂದು ಕೇಳಿದವರಿಗೂ ಅದೇ ಮಾತು, ಅದೇ ದನಿ. ಎರಡೂ ನಿಜವಲ್ಲವೆಂದು ಓಣಿಗೆಲ್ಲ ಗೊತ್ತು. ಕೇಳಿದವರು ತಲೆ ತಗ್ಗಿಸಿಕೊಂಡು ಹೋಗುತ್ತಾರೆ.

ಕಾಕುವಿನ ವಿಷಯ ಹೇಳಲೇಬೇಕು. ಹೊತ್ತು ಮುಳುಗಿದ ಮೇಲೆ ಅವರು ಹುಟ್ಟಿದಾಗಿನಿಂದ ಒಂದು ಅಗುಳು ಬಾಯಿಗಿಟ್ಟವರಲ್ಲ. ನಮ್ಮಲ್ಲಿ ಅದು ಹಿರಿಯರು ನಡೆಸಿಕೊಂಡು ಬಂದದ್ದು. ನಾವು ಚಿಕ್ಕವರು ಬಿಟ್ಟುಬಿಟ್ಟಿದ್ದೇವೆ, ಕಾಕಾ-ಕಾಕು ಬಿಟ್ಟಿಲ್ಲ. ಲಕ್ವಾ ಆದ ಮೇಲೆ ಕಾಕುವಿನ ಬಾಯಿ ಒಂದು ಕಡೆ ವಾಲಿ ಅನ್ನ ಸೋರುತ್ತದೆ. ಅದನ್ನು ಗಂಡನ ಹೊರತು ಇನ್ನೊಬ್ಬರು ನೋಡುವುದು ಅವರಿಗೆ ಸಾಯುವಷ್ಟು ನಾಚಿಕೆ. ನನ್ನ ಹೆಂಡತಿ ತುತ್ತು ಹಿಡಿದು ಎಷ್ಟು ಅಂಗಲಾಚಿದರೂ ಬಾಯಿ ಬಿಡುವುದಿಲ್ಲ. ಅಂದರೆ ಕಾಕಾ ಹೊತ್ತು ಮುಳುಗುವುದರೊಳಗೆ ಮನೆಗೆ ಬರದಿದ್ದರೆ ಕಾಕು ಮರುದಿನ ಬೆಳಗಿನವರೆಗೆ ಉಪವಾಸ. ಹಿಂದೊಮ್ಮೆ ಹಾಗಾಗಿ, ಮೊದಲೇ ಸಕ್ಕರೆ ಕಾಯಿಲೆಯವರು, ರಕ್ತದಲ್ಲಿ ಸಕ್ಕರೆ ಇಳಿದು, ಬೆಳಗಾಗುವುದರೊಳಗೆ ಎಚ್ಚರ ತಪ್ಪಿ ಬಿದ್ದಿದ್ದರು. "ಇನ್ನೊಮ್ಮೆ ಹಿಂಗಾದ್ರ ನನ್ನ ಕಡೆ ತರಬ್ಯಾಡ್ರಿ" ಎಂದು ಡಾಕ್ಟರು ಹೇಳಿಬಿಟ್ಟರು. ಆ ಮಾತು ಕೇಳಿ ಕಾಕಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಪಾಲಬಾವಿಯಲ್ಲಿ ಕಾಕಾನ ಹಳೆಯ ಗೆಳೆಯರು ತೀರಿಕೊಂಡರು. ಪಾಲಬಾವಿಯ ಆ ಮನೆ ಅಂಗೈಯಷ್ಟು ಸಪಾಟು. ಆದರೆ ಸಾವಿಗೆ ಹೋಗುವಾಗ ಇಳಿಜಾರು ನೋಡಲಾಗುತ್ತದೆಯೇ? ಕಾಕಾ ಹೊರಟರು, ದೂಡಲು ನನ್ನನ್ನು ಹಿಂದೆ ಕೂರಿಸಿಕೊಂಡರು. ಅಲ್ಲಿ ಅಂಗಳದಲ್ಲಿ ಇಂಜಿನ್ ಬಂದ್ ಮಾಡದೆಯೇ ಗಾಡಿ ನಿಲ್ಲಿಸಿ ಒಳಗೆ ಹೋದೆವು. ಒಳಗೆ ಹೆಂಗಸರ ಅಳು, ಹೊರಗೆ ಗಾಡಿಯ ಡುಗುಡುಗು. ಗಾಡಿಯ ದನಿಯೇ ಒಂದು ಕೈ ಮೇಲು. ಆ ಮನೆಯ ಅಳಿಯ ಒಳ್ಳೆಯವನು. ಎಣ್ಣೆ ಸುಮ್ಮನೆ ಸುಡುತ್ತಿದೆಯಲ್ಲ ಎಂದು ಹೋಗಿ ಕೀಲಿ ತಿರುವಿ, ತಂದು ಕಾಕಾನ ಕೈಗೆ ಕೊಟ್ಟ. ಕಾಕಾ ಆವರೆಗೆ ಅತ್ತಿರಲಿಲ್ಲ. ಕೀಲಿ ನೋಡಿದವರೇ ಗಳಗಳ ಅತ್ತುಬಿಟ್ಟರು! ನೆರೆದವರು "ಎಷ್ಟ ಜೀಂವ ಇತ್ತ ನೋಡ್ರಿ ಗೆಳ್ಯಾನ ಮ್ಯಾಲೆ" ಎಂದರು.

ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆ ಎನ್ನುವಂತಿಲ್ಲ, ಸುಮ್ಮನೆ ಎದ್ದು ಹೋಗಬೇಕು, ತಿರುಗಿ ಬರಬಾರದು. ಹಾಗೆಯೇ ಎದ್ದು ಬಂದೆವು. ನಾನು ದೂಡಿದೆ. ಗಾಡಿ ಅಂಗಳ ದಾಟಿತೇ ಹೊರತು ಉಸಿರು ಬಿಡಲಿಲ್ಲ. ಒಳಗೆ ಹೋಗಿ ಯಾರನ್ನಾದರೂ ಕರೆಯೋಣವೆಂದರೆ ಕಾಕಾ ರಟ್ಟೆ ಹಿಡಿದು ನಿಲ್ಲಿಸಿದರು. "ತಿರುಗಿ ಹೋಗಬಾರದೋ, ಅಪಶಕುನ!" ಸರಿ, ತಾವೇ ಬರಲಿ ಎಂದು ಇಬ್ಬರೂ ರಸ್ತೆಯಲ್ಲಿ ನಿಂತು ಜೋರಾಗಿ ಕೆಮ್ಮತೊಡಗಿದೆವು. ಕೊನೆಗೆ ಆ ಅಳಿಯನೇ ಇಣುಕಿ ನೋಡಿ, ಬಿಳಿ ಟೊಪ್ಪಿಗೆಯ ಹಿರಿಯರನ್ನೂ ಕರೆತಂದ. ದುಃಖದ ಮನೆಯವರೆಲ್ಲ ಸೇರಿ ನಮ್ಮನ್ನು ಊರ ಹೊರಗಿನವರೆಗೆ ದೂಡಿದರು. ಸಾಮಾನ್ಯವಾಗಿ ಊರ ಹೊರಗಿನವರೆಗೆ ಕಳಿಸಿಕೊಡುವುದು ಯಾರನ್ನೆಂದು ನೆನೆದು ನನಗೆ ಮೈ ಜುಮ್ಮೆಂದಿತು.

ರಾಯಬಾಗ ದಾಟಿದಾಗ ಹೊತ್ತು ಇನ್ನೂ ಒಂದಾಳೆತ್ತರ ಇತ್ತು. ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕವು, ಒಂದೊಂದಕ್ಕೂ ಎರಡೆರಡು ಟ್ರೇಲರು. ಅವುಗಳ ಹಿಂದೆ ತೆವಳುತ್ತ, ನಿಲ್ಲುತ್ತ, ಒಂದು ಕಡೆ ಗಾಡಿ ಆರಿಯೇ ಹೋಯಿತು. ಎರಡೂ ಕಡೆ ಕಬ್ಬು, ನಡುವೆ ಸಪಾಟು ರಸ್ತೆ. ನಾನು ದೂಡಿದೆ, ಕಾಕಾ ದೂಡಿದರು, ಗಾಡಿ ಜಪ್ಪಯ್ಯ ಎನ್ನಲಿಲ್ಲ. ಮನೆಗೆ ಫೋನ್ ಮಾಡಿದೆ. "ಬಾಯಿ ತಗಿಯಾಕ ತಯಾರಿಲ್ರಿ, ಬಾಗಲಾ ನೋಡಕೋತ ಕುಂತಾರ" ಎಂದಳು ಹೆಂಡತಿ. ಕಾಕಾ ಪಡುವಣಕ್ಕೆ ಮುಖ ಮಾಡಿ ನಿಂತರು. ನಾನು ಅವರನ್ನು ಅಷ್ಟು ಸಣ್ಣದಾಗಿ ಎಂದೂ ಕಂಡಿರಲಿಲ್ಲ. "ಎಲ್ಲಾರೂ ಹೇಳಿದ್ರು, ನಾ ಕೇಳಲಿಲ್ಲ" ಎಂದರು, ನನಗಲ್ಲ, ಗಾಡಿಗೆ.

ಗದ್ದೆಯಿಂದ ಕಬ್ಬು ಕಡಿಯುವ ಗ್ಯಾಂಗಿನವರು ಹೊರಬಂದರು, ಗಡಿಯಾಚೆಯ ಮರಾಠಿ ಮಂದಿ. "ಕಾಕಾ, ತುಮ್ಹಿ ಬಸಾ, ಆಮ್ಹಿ ಢಕಲ್ತೊ" ಎಂದು ಅವರನ್ನು ಗಾಡಿಯ ಮೇಲೆ ಕೂರಿಸಿ, ಓಡುತ್ತ ಓಡುತ್ತ ತಾವು ದೂಡಿದರು. ಬಹಳ ದೂರ ದೂಡಿದ ಮೇಲೆ ಅದು ಕೆಮ್ಮಿ ಎದ್ದಿತು. ನಾನು ಓಡಿ ಹಿಂದೆ ಏರಿದೆ. ಅಂಕಲಿ ಇನ್ನೂ ದೂರವಿದ್ದಾಗಲೇ ಹೊತ್ತು ಮುಳುಗಿತು. ಇಬ್ಬರೂ ನೋಡಿದೆವು, ಇಬ್ಬರೂ ನೋಡದವರಂತೆ ಕೂತೆವು.

ಮನೆಯ ಬಾಗಿಲಲ್ಲಿ ಹೆಂಡತಿ ತಾಟು ಹಿಡಿದುಕೊಂಡು ನಿಂತಿದ್ದಳು. ಒಳಗೆ ಕತ್ತಲು. ಅವಳು ಸ್ವಿಚ್ಚಿಗೆ ಕೈ ಹಾಕಿದಳು. "ಲೈಟ್ ಹಚ್ಚಬ್ಯಾಡ" ಎಂದರು ಕಾಕಾ. ಕೈಕಾಲು ತೊಳೆದು, ತಾಟು ಇಸಿದುಕೊಂಡು, ತಡವರಿಸುತ್ತ ಹೋಗಿ ಮಂಚದ ಮೇಲೆ ಕೂತರು.

"ಹೊತ್ತ... ಮುಳಗ್ತಲ್ರಿ" ಎಂದರು ಕಾಕು, ತೊದಲುತ್ತ.

"ಎಲ್ಲಿ ಮುಳಗೇತಿ? ಮಾಡ ಕವದೈತಿ, ಅದಕ್ಕ ಹಂಗ ಕಾಣಾಕತ್ತೈತಿ. ಇನ್ನ ಹೊತ್ತ ಐತಿ, ಉಣ್ಣು."

ಅಂದು ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರಲಿಲ್ಲ. ಕಾಕಾ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬ್ಯಾಟರಿಯ ಬಗ್ಗೆ, ಕಾಕುವಿನ ಬಗ್ಗೆ ಹೇಳುತ್ತಿದ್ದುದು ಸುಳ್ಳಲ್ಲ, ಅದನ್ನು ಅವರು ನಂಬಿದ್ದರು. ಕಿಟಕಿಯ ಆಚೆ ಓಣಿಯ ದೀಪ ಆಗಲೇ ಹತ್ತಿತ್ತು. ಕಾಕು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ ಬಾಯಿ ತೆರೆದರು.

ಅರ್ಧ ತಾಟು ಮುಗಿದಿರಬೇಕು, ಕಾಕು ಮುಖ ತಿರುಗಿಸಿದರು. "ನೀವೂ... ಉಣ್ರಿ."

"ನನಗ ಹಸಿವಿಲ್ಲ."

"ಹೊತ್ತ ಐತ್ಯಲ್ಲ... ಉಣ್ರಿ."

ಒಲ್ಲೆನೆಂದರೆ ಆ ಕೋಣೆಯಲ್ಲಿ ಹೊತ್ತು ಮುಳುಗಿಬಿಡುತ್ತಿತ್ತು. ಕಾಕಾ ಅದೇ ತಾಟಿನಿಂದ ಒಂದು ತುತ್ತು ಕಲಸಿ ತಮ್ಮ ಬಾಯಿಗಿಟ್ಟುಕೊಂಡರು. ಹುಟ್ಟಿದಾಗಿನಿಂದ ಮೀರದ್ದನ್ನು ಇಬ್ಬರೂ ಒಬ್ಬರಿಗಾಗಿ ಒಬ್ಬರು ಮೀರಿ, ಕತ್ತಲಲ್ಲಿ ಕೂತು ಉಂಡರು. ನಾವಿಬ್ಬರೂ ಬಾಗಿಲಲ್ಲಿ ಅಲುಗಾಡದೆ ನಿಂತಿದ್ದೆವು. ಕಾಕಾನಿಗೆ ಬಿಕ್ಕು ಬಂದು ತುತ್ತು ಗಂಟಲಿಗೆ ಸಿಕ್ಕಿತು. ಕಾಕು ತಮ್ಮ ಎಡಗೈ ಎತ್ತಿ, ಹುಡುಕಿ, ಅವರ ಬೆನ್ನ ಮೇಲೆ ಇಟ್ಟರು.

"ಸಾವಕಾಶ ಉಣ್ರಿ" ಎಂದರು. "ಇನ್ನ ಹೊತ್ತ ಐತಿ."