ಅತ್ತೆ ಅಳೆದ ಕಾಲು

ಹೊಳೆನರಸೀಪುರದಲ್ಲಿ ರವಿಕೆ ಹೊಲಿಯುವ ನಮ್ಮ ಸೋದರತ್ತೆಯನ್ನು ಕಂಡರೆ ಹಾಸನದ ಶೂ ಅಂಗಡಿಯವರು ಹೊತ್ತಲ್ಲದ ಹೊತ್ತಿನಲ್ಲಿ ಊಟಕ್ಕೆ ಎದ್ದು ಹೋಗುತ್ತಾರೆ ಎಂದರೆ ನಂಬುತ್ತೀರಾ? ಅದಕ್ಕೆ ಕಾರಣ ನಾನೇ.

ಮಹಿಳಾ ಪೊಲೀಸ್ ಕೆಲಸದ ಓಟದ ಪರೀಕ್ಷೆಗೆ ಒಂಬತ್ತೇ ದಿನ ಉಳಿದಿತ್ತು. ನನಗೆ ವಯಸ್ಸು ಮೀರುತ್ತಿದ್ದುದರಿಂದ ಅದೇ ಕೊನೆಯ ಅವಕಾಶ. ಆದರೆ ಹೊಸ ಶೂ ಹಾಕಿ ನಾಲ್ಕು ಸುತ್ತು ಓಡಿದರೆ ಸಾಕು, ಹಿಮ್ಮಡಿ ಜಾರಿ ಜಾರಿ ಚರ್ಮ ಕಿತ್ತು ಬರುತ್ತಿತ್ತು. ಒಂದು ಸೈಜು ಚಿಕ್ಕದು ತಂದರೆ ಕಿರುಬೆರಳು ನಜ್ಜುಗುಜ್ಜು.

ಅತ್ತೆ ಪೇಪರಿನ ಮೇಲೆ ನನ್ನನ್ನು ನಿಲ್ಲಿಸಿ, ಪಾದದ ಸುತ್ತ ಗೆರೆ ಎಳೆದು, ಟೇಪು ಹಿಡಿದು ಅಳೆದರು. ಮುಂಗಾಲು ಅಗಲ, ಹಿಮ್ಮಡಿ ಸಪೂರ. ಅಷ್ಟಕ್ಕೇ ಬಿಟ್ಟರೆ ಅವರು ನಮ್ಮತ್ತೆಯೇ? ರವಿಕೆಗೆ ಅಳತೆ ಕೊಡಲು ಬಂದ ಹೆಂಗಸರನ್ನೆಲ್ಲ ಮೊದಲು ಕಾಲು ತೋರಿಸಿ ಎಂದರು. ಇಬ್ಬರು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ಉಳಿದವರಲ್ಲಿ ಹೆಚ್ಚಿನವರ ಕಾಲು ನನ್ನದರಂತೆಯೇ ಇತ್ತು.

ಮಾರನೆಯ ದಿನ ಹಾಸನಕ್ಕೆ ಎಳೆದುಕೊಂಡು ಹೋದರು. ಐದನೆಯ ಅಂಗಡಿಯವನು ಗುಲಾಬಿ ಬಣ್ಣದ ಜೊತೆಯೊಂದನ್ನು ಇಟ್ಟು, ಇದು ಹೆಂಗಸರಿಗೆಂದೇ ಮಾಡಿದ್ದು ಎಂದ. ಅತ್ತೆ ಗಂಡಸರ ಚಿಕ್ಕ ಸೈಜಿನ ಶೂ ತರಿಸಿ, ಎರಡರೊಳಗೂ ಟೇಪು ಇಳಿಸಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಗಂಡಸ್ರ ಶರ್ಟ್ನ ಚಿಕ್ಕದು ಮಾಡಿ ಬಣ್ಣ ಬಳ್ದ್‌ಬುಟ್ರೆ ರವಿಕೆ ಆಯ್ತದಾ ಸಾ?"

ಅವನು ಕಾಪಾಡು ಎನ್ನುವಂತೆ ನನ್ನನ್ನು ನೋಡಿದ. ನಾನು ಫ್ಯಾನು ನೋಡಿದೆ. ಆಮೇಲೆ ಬಹಳ ಮರ್ಯಾದೆಯಿಂದ ನಮ್ಮನ್ನು ಹೊರಗೆ ಕಳಿಸಿದ.

ನಾಲ್ಕು ದಿನ ಉಳಿಯಿತು. ಗಾಯ ಮಾಗಿರಲಿಲ್ಲ. ಬರಿಗಾಲಲ್ಲೇ ಓಡುತ್ತೇನೆ ಎಂದು ನಾನು ಅಳತೊಡಗಿದೆ. ಅತ್ತೆ ನಾನು ಮೊದಲು ತಂದಿದ್ದ ದೊಡ್ಡ ಸೈಜಿನ ಶೂ ಎತ್ತಿಕೊಂಡರು. ರವಿಕೆಯೊಳಗೆ ಇಡುವ ಸ್ಪಂಜಿನ ಕಪ್ಪನ್ನು ಕತ್ತರಿಸಿ, ಹಿಮ್ಮಡಿಯ ಎರಡೂ ಪಕ್ಕಕ್ಕೆ ಇಟ್ಟು ಹೊಲಿದರು. ಎಲ್ಲಿಯ ಕಪ್ಪು, ಎಲ್ಲಿಯ ಶೂ! ಯಾರೂ ಬಳಸದ ಮೇಲಿನ ತೂತಿಗೂ ಲೇಸು ಪೋಣಿಸಿ ಬಿಗಿದರು.

"ಮುಂದೆ ಸಡ್ಲ ಬುಡ್ಬೇಕು, ಹಿಂದೆ ಹಿಡೀಬೇಕು. ಅಷ್ಟೇ ಕಣವ್ವ."

ಪರೀಕ್ಷೆಯ ದಿನ ನಾನು ಓಡಿದ್ದು ಕಾಲಿನಿಂದಲ್ಲ, ಹೆದರಿಕೆಯಿಂದ. ಎರಡನೆಯ ತಿರುವಿನಲ್ಲಿ ಎಡಗಾಲಿನೊಳಗೆ ಏನೋ ಪಟ್ಟೆಂದಿತು. ಹೊಲಿಗೆ ಹೋಯಿತು, ಕೆಲಸವೂ ಹೋಯಿತು ಅಂದುಕೊಂಡೆ. ಸ್ಪಂಜು ಸ್ವಲ್ಪ ಸರಿಯಿತು, ಆದರೆ ಹಿಮ್ಮಡಿ ಕದಲಲಿಲ್ಲ. ಗಡುವಿಗೆ ಎರಡು ಸೆಕೆಂಡು ಇರುವಾಗ ಗೆರೆ ದಾಟಿದೆ.

ಪಾಸಾದೆ ಎಂದು ಬೇಲಿಯಾಚೆಗೆ ಓಡಿ ಹೋಗಿ ಹೇಳಿದರೆ ಅತ್ತೆ ನಗಲಿಲ್ಲ. ನನ್ನನ್ನು ಕೂರಿಸಿ, ತಾವೂ ನೆಲದ ಮೇಲೆ ಕೂತು, ನಿಧಾನವಾಗಿ ಒಂದು ಮಾತು ಹೇಳಿದರು. ಏಳನೇ ಕ್ಲಾಸಿನಲ್ಲಿ ಕೊಣನೂರಿನ ಓಟದ ಸ್ಪರ್ಧೆಯಲ್ಲಿ ಅವರೇ ಎಲ್ಲರಿಗಿಂತ ಮುಂದಿದ್ದರಂತೆ. ಕಾಲಲ್ಲಿ ನಮ್ಮಪ್ಪನ ಕ್ಯಾನ್ವಾಸ್ ಶೂ. ತಿರುವಿನಲ್ಲಿ ಒಂದು ಕಳಚಿ ಹಾರಿತಂತೆ, ಮುಗ್ಗರಿಸಿ ಬಿದ್ದರಂತೆ. ಮತ್ತೆಂದೂ ಓಡಲಿಲ್ಲ.

"ನನ್ ಕಾಲೇ ಸರಿ ಇಲ್ಲ ಅಂದ್ಕಂಡಿದ್ದೆ ಕಣವ್ವ, ಇಷ್ಟ್ ವರ್ಸ."

ನಾನು ಶೂ ಬಿಚ್ಚಿ ಅವರ ಕಾಲಿಗೆ ಹಾಕಿ ಲೇಸು ಕಟ್ಟಿದೆ. ಐವತ್ತೆಂಟರ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೇಲಿಯ ಪಕ್ಕದಲ್ಲಿ ಹತ್ತು ಹೆಜ್ಜೆ ಓಡಿದರು.